ಪಾತ್ರೆ ಮಾರುವ ಔತಣ

ಕ್ರಿ.ಶ. ೧೬೮೨ನೆಯ ಇಸವಿ ಏಪ್ರಿಲ್ ೧೨ರಂದು ಲಂಡನ್ನಿನ ರಾಯಲ್ ಸೊಸೈಟಿಯ ಕೆಲವು ಸದಸ್ಯರು ಒಂದು ವಿಚಿತ್ರವಾದ ಊಟಕ್ಕೆ ಕಲೆತರು. ಅಂದು ಬಡಿಸಿದ ಮೀನು ಮಾಂಸಗಳೆಲ್ಲವೂ ಮುಚ್ಚಳವನ್ನು ತಿರುಪಿನಿಂದ ಬಿಗಿಮಾಡಿದ ಲೋಹದ ಪಾತ್ರೆಗಳಲ್ಲಿ ಬೆಂದಿದ್ದವು. ಆ ಪಾತ್ರೆಯನ್ನು ಕಲ್ಪಿಸಿದವನು ಫ್ರಾನ್ಸಿನಿಂದ ಬಂದು ನೆಲೆಸಿದ್ದ ಡೆನಿಸ್ ಪಾಪಿನ್. ಅತಿಥಿಗಳಲ್ಲೊಬ್ಬನಾಗಿದ್ದ ಜಾನ್ ಈವ್ಲಿನ್ ಆ ದಿನದ ವಿಷಯವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ದನದ ಗಟ್ಟಿ ಮೂಳೆ ಕೂಡ ಗಿಣ್ಣಿನಂತೆ ಮೆತ್ತಗಾಗಿತ್ತಂತೆ, ನೀರನ್ನೇ ಹಾಕಿರಲಿಲ್ಲವಂತೆ, ಉರಿದ ಕಲ್ಲಿದ್ದಲು ಎಂಟು ಔನ್ಸಿಗೂ ಕಡಿಮೆಯಂತೆ. ಇಂದು ನಮ್ಮ ಮನೆಗಳಲ್ಲಿ ಸೀಟಿ ಹೊಡೆಯುವ ಕುಕ್ಕರಿಗೆ ಮೂಲಪುರುಷ ಆ ಪಾತ್ರೆಯೇ.

ಊಟಕ್ಕೆ ಕರೆದು, ಬಡಿಸಿ, ಬಾಯಿರುಚಿಯ ಮೂಲಕ ಒಂದು ಉಪಕರಣದ ಗುಣವನ್ನು ನಂಬಿಸುವ ಈ ಪದ್ಧತಿಗೆ ಅಂದಿನಿಂದಲೂ ವಂಶ ನಿಂತುಹೋಗಲಿಲ್ಲ. ಪಾಪಿನ್ನನ ಅತಿಥಿಗಳು ಹಣ ಕೊಟ್ಟು ಏನನ್ನೂ ಕೊಳ್ಳಬೇಕಾಗಿರಲಿಲ್ಲ. ಮುಂದಿನವರಿಗೆ ಆ ಭಾಗ್ಯವಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅಂಥ ಒಂದು ಔತಣಕ್ಕೆ ನಾವೂ ಹೋಗಿದ್ದೆವು. ಅಲ್ಲಿ ಕಂಡದ್ದರಲ್ಲಿ ಭೌತವಿಜ್ಞಾನವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಬೇರ್ಪಡಿಸಲು ನಮಗೆ ಒಂದು ವಾರವೇ ಹಿಡಿಯಿತು. ಆ ವಾರದ ಕೆಲಸವನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಮಂತ್ರಣ ಬಂದದ್ದು ಮೈಸೂರಿನಲ್ಲೇ ಇರುವ ಮಿತ್ರರೊಬ್ಬರಿಂದ. ದಂಪತಿಸಮೇತರಾಗಿಯೇ ಬರಬೇಕೆಂದು ಅವರು ಎರಡು ಸಲ ಒತ್ತಿ ಹೇಳಿದರು. ನಮ್ಮ ಕಡೆ ಹಬ್ಬಹರಿದಿನಗಳಲ್ಲಿ ದಂಪತಿಗಳನ್ನು ಕರೆದು ಊಟವಿಕ್ಕಿ ತಾಂಬೂಲ ಕೊಡುವುದುಂಟಷ್ಟೆ. ನಮ್ಮ ಮನೆಯವರು ಹಾಗೆಯೇ ತಿಳಿದು ರೇಷ್ಮೆ ಸೀರೆ ಉಟ್ಟು ಹೊರಟರು. ಹೋಗಿ ನೋಡಿದರೆ ನಮ್ಮಂತೆಯೇ ಇನ್ನೂ ಮೂರು ಜೋಡಿಗಳು ನಡುಮನೆಯಲ್ಲಿ ಕುಳಿತಿದ್ದವು. ಅಡಿಗೆಮನೆಯಲ್ಲಿ ಟೈ ಕಟ್ಟಿದ ತರುಣನೊಬ್ಬ ಕನ್ನಡಿಯಂತೆ ಹೊಳೆಯುವ ಪಾತ್ರೆಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಮಿತ್ರರು ಎರಡು ತಿಂಗಳ ಹಿಂದೆ ಆ ಸೆಟ್ಟನ್ನು ಕಂತಿನ ಮೇಲೆ ಕೊಂಡಿದ್ದರು. ಮನೆಯಲ್ಲಿ ಇಂಥ ಔತಣವನ್ನು ನಡೆಸಿಕೊಟ್ಟರೆ, ಅಲ್ಲಿ ಆದ ಮಾರಾಟಕ್ಕೆ ತಕ್ಕಂತೆ ಅವರ ಕಂತಿನಲ್ಲಿ ಸ್ವಲ್ಪ ಕಡಿತವಾಗುತ್ತದೆ. ಈ ಕೊನೆಯ ಸಂಗತಿ ನಮಗೆ ಆಮೇಲೆ ತಿಳಿಯಿತು.

ತರುಣ ಚತುರ. ಹೆಚ್ಚಿದ ಎಲೆಕೋಸನ್ನೂ ಕ್ಯಾರೆಟ್ಟನ್ನೂ ತೊಳೆದು, ಒಂದು ತೊಟ್ಟು ನೀರನ್ನೂ ಸೇರಿಸದೆ ಪಾತ್ರೆಗೆ ಹಾಕಿ ಮುಚ್ಚಿದ. ಸ್ವಲ್ಪ ಹೊತ್ತಿನಲ್ಲಿ ಮುಚ್ಚಳ ಕಿಣಿಕಿಣಿ ಎಂದು ಕುಣಿಯತೊಡಗಿತು. ಕೂಡಲೇ ಉರಿಯನ್ನು ಬಹಳ ಸಣ್ಣದು ಮಾಡಿದ. ಮುಚ್ಚಳದ ಅಂಚಿನ ಸುತ್ತ ನೀರಿನ ತೆಳುವಾದ ಉಂಗುರವೊಂದು ನಿಂತು, ಸದ್ದು ಅಡಗಿತು. ಇನ್ನೊಂದು ಪಾತ್ರೆಯಲ್ಲಿ ಒಲೆಯ ಮೇಲೆಯೇ ಕೇಕು ಬೆಂದಿತು. ಒಂದರ ಮೇಲೊಂದು ಮೂರು ಪಾತ್ರೆಗಳನ್ನೇರಿಸಿ ಒಂದೇ ಉರಿಯಲ್ಲಿ ಬಿಸಿಮಾಡಿ ತೋರಿಸಿದ್ದಾಯಿತು. ಊಟ ನಿಜಕ್ಕೂ ಚೆನ್ನಾಗಿತ್ತು. ಎಲೆಕೋಸು ಹಸಿರು ಮಾಸದೆ ಉಳಿದಿತ್ತು.

ಊಟಕ್ಕೆ ಮೊದಲು ಒಂದು ಪರೀಕ್ಷೆ ನಡೆದಿತ್ತು. ಮಿತ್ರರ ಮನೆಯ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರಿಗೆ ಅಡಿಗೆ ಸೋಡ ಹಾಕಿ ದೊಡ್ಡ ಉರಿಯಲ್ಲಿ ಚೆನ್ನಾಗಿ ಕುದಿಸಿದ. ತನ್ನ ಪಾತ್ರೆಯಲ್ಲೂ ಸೋಡ ಹಾಕಿ ಮುಚ್ಚಿಟ್ಟ. ಬಳಿಕ ಎರಡರಿಂದಲೂ ಒಂದೊಂದು ಚಮಚ ನೀರನ್ನು ಎಲ್ಲರಿಗೂ ಕೊಟ್ಟು ರುಚಿ ನೋಡಿರೆಂದ. ಅಲ್ಯೂಮಿನಿಯಂ ಪಾತ್ರೆಯ ನೀರು ಕಹಿಯೂ ಸಾಬೂನಿನಂತೆ ಜಿಗುಟೂ ಆಗಿ ಬಾಯಿ ಕೆಡಿಸಿತು. “ನಿಮ್ಮ ಮಕ್ಕಳು ದಿನಾ ತಿನ್ನುತ್ತಿರೋದು ಇದನ್ನೇ” ಎಂದ. ಯಾರೂ ಮಾತಾಡಲಿಲ್ಲ. ಒಬ್ಬ ತಾಯಿ ಕಣ್ಣು ಒರೆಸಿಕೊಂಡದ್ದನ್ನು ನಾವು ನೋಡಿದೆವು.

ಸೆಟ್ಟಿನ ಬೆಲೆ ನಮ್ಮ ಒಂದು ತಿಂಗಳ ಸಂಬಳದ ಮುಕ್ಕಾಲು ಪಾಲು. ಅಷ್ಟನ್ನು ಕೊಡುವ ಧೈರ್ಯವಾಗದೆ ನಾವು ಅಂದು ಒಂದು ಸಣ್ಣ ಪಾತ್ರೆಗೆ ಮಾತ್ರ ಸಹಿಹಾಕಿ ಬಂದೆವು. ಸಹಿ ಹಾಕಿಸಿದ್ದು ಉಷ್ಣಶಾಸ್ತ್ರವಲ್ಲ. ಎದುರಿಗೆ ಸೌಟು ಹಿಡಿದು ನಿಂತಿದ್ದ ಮಿತ್ರರ ಪತ್ನಿಯ ಮುಖ. ಸೆಟ್ಟಿನ ವಿಷಯ ಮಾತಾಡಲು ತರುಣ ಮುಂದಿನ ಗುರುವಾರ ನಮ್ಮ ಮನೆಗೇ ಬರುವುದೆಂದು ಗೊತ್ತಾಯಿತು.

ಈ ಔತಣಗಳ ಹುಟ್ಟು

ಇಂಥ ಔತಣಗಳು ಬೆಳೆದದ್ದು ಅಮೆರಿಕದಲ್ಲಿ. ಅವುಗಳ ಹಿಂದೆ ಇರುವುದು ಅಲ್ಯೂಮಿನಿಯಂ ಲೋಹದ ಕಥೆ. ೧೮೮೪ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ನೂರು ಔನ್ಸಿನ ಅಲ್ಯೂಮಿನಿಯಂ ಕಳಶವನ್ನು ಇಟ್ಟಾಗ ಅದು ಇನ್ನೂ ದುಬಾರಿಯಾದ ಅಪರೂಪದ ಲೋಹ. ೧೮೮೬ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನ ಪಾಲ್ ಹೆರೂ ಇಬ್ಬರೂ ಪರಸ್ಪರ ಅರಿಯದೆ, ಅದನ್ನು ವಿದ್ಯುದ್ವಿಭಜನೆಯಿಂದ ಪಡೆಯುವ ಉಪಾಯವನ್ನು ಕಂಡುಹಿಡಿದರು. ಬೆಲೆ ಇಳಿಯಿತು, ಲೋಹ ರಾಶಿಬಿತ್ತು, ಕೊಳ್ಳುವವರು ಯಾರು? ಹಗುರವಾದ ಈ ಹೊಸ ಪಾತ್ರೆಯನ್ನು ಗೃಹಿಣಿಯರು ನಂಬಲಿಲ್ಲ. ಆಗ ‘ವೇರ್ ಎವರ್’ ಎಂಬ ಹೆಸರಿನ ಪಾತ್ರೆಗಳನ್ನು ಮಾರಲು ರಜದಲ್ಲಿ ಬಿಡುವಾಗಿರುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಮನೆಮನೆಗೆ ಕಳುಹಿಸುವ ಪದ್ಧತಿ ಹುಟ್ಟಿತು. ಬಾಗಿಲಲ್ಲಿ ನಿಂತು ವರ್ಣಿಸುವುದಕ್ಕಿಂತ ಅಡಿಗೆ ಮಾಡಿ ತೋರಿಸುವುದು ಮೇಲು. ಒಬ್ಬಳಿಗೆ ತೋರಿಸುವುದಕ್ಕಿಂತ ನೆರೆಹೊರೆಯವರನ್ನೆಲ್ಲ ಸೇರಿಸಿ ತೋರಿಸುವುದು ಮೇಲು. ೧೯೨೦ರ ದಶಕದ ಹೊತ್ತಿಗೆ ಮನೆಯ ಔತಣವೇ ಮಾರಾಟದ ರೂಪವಾಗಿತ್ತು.

ಗಂಡಹೆಂಡಿರನ್ನು ಜೊತೆಯಾಗಿ ಕರೆಯುವುದೇಕೆ? ೧೯೫೦ರ ದಶಕದಲ್ಲಿ ಬ್ರೌನಿ ವೈಸ್ ಎಂಬ ಮಹಿಳೆ ಟಪ್ಪರ್‌ವೇರ್ ಡಬ್ಬಿಗಳಿಗಾಗಿ ಏರ್ಪಡಿಸಿದ ಪ್ರಖ್ಯಾತ ಕೂಟಗಳು ಹೆಂಗಸರಿಗಾಗಿಯೇ ಇದ್ದವು. ಡಬ್ಬಿಯ ಬೆಲೆ ಮನೆವಾರ್ತೆಯ ಚಿಲ್ಲರೆ ಹಣದಲ್ಲಿ ಮುಗಿಯುತ್ತಿತ್ತು. ಪಾತ್ರೆಯ ಸೆಟ್ಟು ಹಾಗಲ್ಲ. ಹೆಂಡತಿ ಒಪ್ಪಿದರೂ “ಅವರನ್ನು ಕೇಳಿ ಹೇಳುತ್ತೇನೆ” ಎನ್ನುತ್ತಾಳೆ; ಗಂಡ ಒಪ್ಪಿದರೂ “ಅಡಿಗೆಮನೆ ನನ್ನದಲ್ಲ” ಎನ್ನುತ್ತಾನೆ. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಈ ಎರಡು ಬಾಗಿಲುಗಳೂ ಮುಚ್ಚುತ್ತವೆ. ಅದಕ್ಕಾಗಿಯೇ ಗಂಡಸರು ಕೆಲಸದಿಂದ ಬರುವ ಸಂಜೆಯ ಹೊತ್ತಿಗೆ ಊಟ. ಅದಕ್ಕಾಗಿಯೇ ಒಬ್ಬೊಬ್ಬರೇ ಬಂದರೆ ಪ್ರದರ್ಶಕನಿಗೆ ಬೇಸರ. ದೊಡ್ಡ ಮಾರಾಟ ಊಟದ ದಿನ ಆಗಬೇಕೆಂದೇನೂ ಇಲ್ಲ. ಆ ದಿನ ಬೇಕಾದ್ದು ಪ್ರತಿಯೊಂದು ಜೋಡಿಯ ಮನೆಗೆ ಹೋಗಲು ಒಂದು ದಿನ, ಒಂದು ಗಂಟೆ.

ಇಲ್ಲೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆವು. ಷಿಕಾಗೋ ನಗರದ ‘ಕ್ಲಬ್ ಅಲ್ಯೂಮಿನಂ’ ಎಂಬ ಪಾತ್ರೆ ಕಂಪೆನಿ ಈ ಬಗೆಯ ಮನೆ ಪ್ರದರ್ಶನಗಳಿಂದಲೇ ಬೆಳೆದದ್ದು. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅದು ದಿವಾಳಿಯ ಅಂಚಿಗೆ ಬಂದಾಗ ಹರ್ಬರ್ಟ್ ಟೇಲರ್ ಎಂಬಾತ ಅದರ ಹೊಣೆ ಹೊತ್ತ. ೧೯೩೨ರಲ್ಲಿ ಅವನು ತನ್ನ ನೌಕರರಿಗಾಗಿ ನಾಲ್ಕು ಸಣ್ಣ ಪ್ರಶ್ನೆಗಳನ್ನು ಬರೆದ: ಆಡುವ ಮಾತು ನಿಜವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುವುದೇ, ಎಲ್ಲರಿಗೂ ಹಿತವೇ ಎಂಬುದು ಅವುಗಳ ತಾತ್ಪರ್ಯ. ಮೊದಲು ಪರೀಕ್ಷೆಗೆ ಸಿಕ್ಕಿದ್ದು ತನ್ನದೇ ಕಂಪೆನಿಯ ಜಾಹೀರಾತು. ‘ಅತ್ಯುತ್ತಮ’, ‘ಸರ್ವಶ್ರೇಷ್ಠ’ ಮುಂತಾದ ಪದಗಳನ್ನು ಅವನು ಹೊಡೆದುಹಾಕಿಸಿದ. ೧೯೪೩ರಲ್ಲಿ ರೋಟರಿ ಸಂಸ್ಥೆ ಆ ಪ್ರಶ್ನೆಗಳನ್ನು ತನ್ನದಾಗಿ ಮಾಡಿಕೊಂಡಿತು. ೧೯೫೪-೫೫ರಲ್ಲಿ ಟೇಲರನೇ ಅದರ ಅಂತರರಾಷ್ಟ್ರೀಯ ಅಧ್ಯಕ್ಷನಾದ. ನಮ್ಮ ಊರುಗಳ ರೋಟರಿ ಸಭಾಂಗಣಗಳ ಗೋಡೆಯ ಮೇಲೆ ‘ನಾಲ್ಕು ಬಗೆಯ ಪರೀಕ್ಷೆ’ ಎಂದು ತೂಗುಹಾಕಿರುವ ಫಲಕವನ್ನು ಓದುಗರು ನೋಡಿರಬಹುದು. ಅದು ಹುಟ್ಟಿದ್ದು ಬಾಣಲೆ ಮಾರುವ ಕಚೇರಿಯಲ್ಲಿ.

ಮುಚ್ಚಳ ಮಾಡುವ ಕೆಲಸ

ಇನ್ನು ಪಾತ್ರೆಗೆ ಬರೋಣ. ‘ನೀರಿಲ್ಲದ ಅಡಿಗೆ’ ಎಂಬ ಮಾತೇ ಅರ್ಧ ಸತ್ಯ. ಎಲೆಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು, ಕ್ಯಾರೆಟ್ಟಿನಲ್ಲಿ ಎಂಬತ್ತೆಂಟರಷ್ಟು ನೀರೇ ಇದೆ. ಅರ್ಧ ಕಿಲೋ ಎಲೆಕೋಸು ಪಾತ್ರೆಗೆ ಬಿತ್ತೆಂದರೆ ಸುಮಾರು ೪೫೦ ಗ್ರಾಂ ನೀರೂ ಬಿದ್ದಂತೆ. ತೊಳೆದಾಗ ಅಂಟಿಕೊಂಡ ನೀರು ಮೊದಲು ಆವಿಯಾಗುತ್ತದೆ. ಆ ಆವಿ ಮೇಲಿನ ತಣ್ಣಗಿನ ತರಕಾರಿಯನ್ನು ಮುಟ್ಟಿದ ಕಡೆ ಮತ್ತೆ ನೀರಾಗುತ್ತದೆ. ಹಾಗಾಗುವಾಗ ಪ್ರತಿ ಗ್ರಾಮಿಗೆ ೨,೨೬೦ ಜೂಲಿನಷ್ಟು ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ಕುದಿನೀರು ಒಂದು ಡಿಗ್ರಿ ತಣಿದಾಗ ಕೊಡುವುದು ಕೇವಲ ೪.೨ ಜೂಲು. ಹಬೆ ತಾಗಿದರೆ ಕುದಿನೀರಿಗಿಂತ ಕೆಟ್ಟದಾಗಿ ಸುಡುವುದೂ, ಇಡ್ಲಿ ಹತ್ತಾರು ನಿಮಿಷದಲ್ಲಿ ಬೇಯುವುದೂ ಇದರಿಂದಲೇ. ಈ ವಿದ್ಯೆಯನ್ನು ಕಡುಬಿನ ಅಳಗೆ ಇಟ್ಟ ನಮ್ಮ ಅಜ್ಜಿಯರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಅಂಚಿನಲ್ಲಿ ನಿಂತ ನೀರಿನ ಉಂಗುರ? ಅದು ಒಳಗೆ ‘ವಿಶೇಷ ಒತ್ತಡ’ವನ್ನು ಉಂಟುಮಾಡುತ್ತದೆಂದು ತರುಣ ಹೇಳಿದ್ದ. ಲೆಕ್ಕ ಮಾಡಿ ನೋಡಬಹುದು. ಮುಚ್ಚಳದ ವ್ಯಾಸ ೨೪ ಸೆಂಟಿಮೀಟರ್, ತೂಕ ಅರ್ಧ ಕಿಲೋ ಎಂದಿಟ್ಟುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು ೪೫೦ ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚು ಭಾರ. ಒಳಗಿನ ಆವಿಯ ಒತ್ತಡ ಇದಕ್ಕಿಂತ ಹೆಚ್ಚಾದ ಕ್ಷಣವೇ ಮುಚ್ಚಳ ಎದ್ದು ಕುಣಿಯುತ್ತದೆ. ವಾಯುಮಂಡಲದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ೧,೦೩೩ ಗ್ರಾಂ. ಹಾಗಾದರೆ ಈ ಮುಚ್ಚಳ ಸೇರಿಸಿದ್ದು ಸಾವಿರಕ್ಕೆ ಒಂದು ಪಾಲು. ಅದರಿಂದ ಕುದಿಬಿಂದು ಏರುವುದು ಡಿಗ್ರಿಯ ನೂರರಲ್ಲಿ ಮೂರು ಪಾಲಿನಷ್ಟು. ಪಾತ್ರೆಯನ್ನು ಹತ್ತು ಮೀಟರ್ ಕೆಳಕ್ಕೆ, ಎಂದರೆ ಮೂರನೆಯ ಅಂತಸ್ತಿನಿಂದ ಬೀದಿಗೆ, ಒಯ್ದರೆ ಇಷ್ಟೇ ಲಾಭ ಪುಕ್ಕಟೆಯಾಗಿ ದೊರೆಯುತ್ತದೆ. ಮೈಸೂರಿನಲ್ಲಿ ನೀರು ಸುಮಾರು ೯೭½ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮಂಗಳೂರಿನ ಗೃಹಿಣಿಗೆ ಎರಡೂವರೆ ಡಿಗ್ರಿಯ ಅನುಕೂಲ ಹುಟ್ಟಿನಿಂದಲೇ ಇದೆ. ನಿಜವಾದ ಒತ್ತಡ ಬೇಕಾದರೆ ಪಾಪಿನ್ನನ ಹಾಗೆ ಮುಚ್ಚಳವನ್ನು ಬಿಗಿಯಬೇಕು. ಕುಕ್ಕರಿನೊಳಗೆ ವಾಯುಮಂಡಲದ ಒತ್ತಡದಷ್ಟೇ ಮತ್ತೊಂದು ಒತ್ತಡ ಸೇರಿ, ಕುದಿಬಿಂದು ೧೨೦ ಡಿಗ್ರಿಯ ಹತ್ತಿರಕ್ಕೆ ಏರುತ್ತದೆ.

ಹಾಗೆಂದು ಉಂಗುರ ವ್ಯರ್ಥವಲ್ಲ. ಆವಿ ತಪ್ಪಿಸಿಕೊಂಡು ಹೋಗುವುದನ್ನು ಅದು ತಡೆಯುತ್ತದೆ; ಹೋದ ಪ್ರತಿ ಗ್ರಾಂ ಆವಿಯೂ ೨,೨೬೦ ಜೂಲನ್ನು ಹೊತ್ತುಕೊಂಡೇ ಹೋಗುತ್ತದೆಯಷ್ಟೆ. ಸಣ್ಣ ಉರಿ ಸಾಕಾಗುವುದು ಇದರಿಂದ. ಅಂಚು ಸರಿಯಾಗಿ ಕೂರುವ ಯಾವ ಮುಚ್ಚಳವೂ ಈ ಕೆಲಸವನ್ನು ಹೆಚ್ಚು ಕಡಿಮೆ ಮಾಡುತ್ತದೆ.

ಮೂರು ಪದರದ ಲೋಹ

ತರುಣ ಹೇಳಿದ್ದರಲ್ಲಿ ಪೂರ್ತಿ ನಿಜವಾದದ್ದು ಪಾತ್ರೆಯ ಗೋಡೆಯ ವಿಷಯ; ಅದನ್ನೇ ಅವನು ಬೇಗ ಮುಗಿಸಿಬಿಟ್ಟಿದ್ದ. ಸ್ಟೇನ್‌ಲೆಸ್ ಉಕ್ಕು, ೧೯೧೩ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯ ಕೆಲಸದಿಂದ ಪ್ರಸಿದ್ಧಿಗೆ ಬಂದ ಲೋಹ, ಹುಣಿಸೆಹುಳಿಗೂ ಉಪ್ಪಿಗೂ ಜಗ್ಗುವುದಿಲ್ಲ. ಹಿತ್ತಾಳೆಯ ಪಾತ್ರೆಯಂತೆ ಕಿಲುಬು ಹಿಡಿಯುವುದಿಲ್ಲ, ಕಲಾಯಿ ಬೇಡ. ಆದರೆ ಅದು ಲೋಹಗಳಲ್ಲಿ ಮಂದ ವಾಹಕ. ಅಲ್ಯೂಮಿನಿಯಂ ಅದಕ್ಕಿಂತ ಸುಮಾರು ಹದಿನೈದು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ತಾಮ್ರ ಇಪ್ಪತ್ತೈದು ಪಟ್ಟು. ತೆಳುವಾದ ಉಕ್ಕಿನ ಪಾತ್ರೆಯಲ್ಲಿ ಉರಿ ತಾಗಿದ ಕಡೆ ಬಿದ್ದ ಶಾಖ ಅಕ್ಕಪಕ್ಕಕ್ಕೆ ಹರಡಲು ತಡಮಾಡುತ್ತದೆ; ಆ ಭಾಗ ಕಾದು, ಉಪ್ಪಿಟ್ಟು ಅಲ್ಲಿಯೇ ತಳಹಿಡಿಯುತ್ತದೆ. ೧೯೩೯ರಲ್ಲಿ ಅಮೆರಿಕದ ‘ರಿವಿಯರ್ ವೇರ್’ ಉಕ್ಕಿನ ಪಾತ್ರೆಯ ತಳಕ್ಕೆ ತಾಮ್ರ ಹಚ್ಚಿ ಮಾರುಕಟ್ಟೆಗೆ ಬಂದದ್ದು ಈ ದೋಷದ ಪರಿಹಾರಕ್ಕಾಗಿಯೇ. ಎರಡು ಉಕ್ಕಿನ ಹಾಳೆಗಳ ನಡುವೆ ಅಲ್ಯೂಮಿನಿಯಮ್ಮನ್ನು ಬೆಸೆಯುವುದು ಅದರ ಮುಂದಿನ ಹೆಜ್ಜೆ. ಹೊರಗಿನ ಉಕ್ಕು ಹುಳಿಯನ್ನು ತಡೆಯುತ್ತದೆ; ಒಳಗಿನ ಅಲ್ಯೂಮಿನಿಯಂ ಶಾಖವನ್ನು ಹಂಚುತ್ತದೆ. ನೀರಿಲ್ಲದೆ ಬೇಯಿಸಲು ಈ ಹಂಚಿಕೆ ಅವಶ್ಯ. ಇಲ್ಲದಿದ್ದರೆ ಆವಿ ಏಳುವ ಮೊದಲೇ ತಳದ ಎಲೆಕೋಸು ಕರಿಯಾದೀತು.

ಇಲ್ಲಿ ನಮಗೆ ನಗು ಬಂದದ್ದುಂಟು. ಒಂದು ಕಾಲದಲ್ಲಿ ಅಲ್ಯೂಮಿನಿಯಂ ಪಾತ್ರೆಯನ್ನು ಮಾರುವುದಕ್ಕೆ ಹುಟ್ಟಿದ ಔತಣ, ಈಗ ಅಲ್ಯೂಮಿನಿಯಂ ಪಾತ್ರೆಯ ಭಯವನ್ನು ಹುಟ್ಟಿಸಿ, ಹೊಟ್ಟೆಯೊಳಗೆ ಅಲ್ಯೂಮಿನಿಯಮ್ಮನ್ನು ಅಡಗಿಸಿಕೊಂಡ ಪಾತ್ರೆಯನ್ನು ಮಾರುತ್ತಿದೆ.

ಉರುವಲಿನ ಉಳಿತಾಯದಿಂದಲೇ ಸೆಟ್ಟಿನ ಬೆಲೆ ಹಿಂತಿರುಗುತ್ತದೆಂದು ಹೇಳಿದ್ದರಿಂದ ಆ ಲೆಕ್ಕವನ್ನೂ ಹಾಕಿದೆವು. ದಿನಕ್ಕೆ ಒಂದು ಲೀಟರು ನೀರನ್ನು ೨೫ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸುವುದು ತಪ್ಪಿತೆನ್ನಿ. ಉಳಿದದ್ದು ಹೆಚ್ಚೆಂದರೆ ೩೧೪ ಕಿಲೋಜೂಲು. ಒಲೆಯ ಶಾಖದಲ್ಲಿ ನೂರಕ್ಕೆ ಅರವತ್ತು ಪಾಲು ಪಾತ್ರೆಗೆ ಸೇರುತ್ತದೆಂದು ಹಿಡಿದರೆ, ಅದಕ್ಕೆ ಬೇಕಾಗುವ ಅನಿಲ ಸುಮಾರು ಹನ್ನೊಂದು ಗ್ರಾಂ. ವರ್ಷಕ್ಕೆ ನಾಲ್ಕು ಕಿಲೋ, ೧೪.೨ ಕಿಲೋ ಸಿಲಿಂಡರಿನ ಮೂರನೆಯ ಒಂದು ಪಾಲಿಗೂ ಕಡಿಮೆ. ಆ ಸೆಟ್ಟಿನ ಬೆಲೆಗೆ ಐವತ್ತಕ್ಕೂ ಹೆಚ್ಚು ಸಿಲಿಂಡರುಗಳು ಬರುತ್ತಿದ್ದವು. ನೂರಎಪ್ಪತ್ತು ವರ್ಷ ಕಾಯುವ ತಾಳ್ಮೆಯುಳ್ಳವರಿಗೆ ವ್ಯಾಪಾರ ನಷ್ಟವಲ್ಲ.

ಸೋಡದ ಪರೀಕ್ಷೆ

ನಮ್ಮ ಮನಸ್ಸನ್ನು ಕೊರೆಯುತ್ತಿದ್ದದ್ದು ಆ ತಾಯಿಯ ಕಣ್ಣೀರು. ಸೋಮವಾರ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳೊಡನೆ ಆ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಔತಣದ ದಿನ ಎರಡು ಪಾತ್ರೆಗಳಲ್ಲಿ ನೀರು ಒಂದೇ ಅಳತೆಯದಾಗಿರಲಿಲ್ಲ. ಉರಿ ಒಂದೇ ಆಗಿರಲಿಲ್ಲ. ಒಂದು ತೆರೆದಿತ್ತು, ಇನ್ನೊಂದು ಮುಚ್ಚಿತ್ತು. ಆದ್ದರಿಂದ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಉಕ್ಕು, ಗಾಜು ಹೀಗೆ ಮೂರು ಪಾತ್ರೆಗಳನ್ನು ತೆಗೆದುಕೊಂಡು, ಒಂದೇ ಅಳತೆಯ ನೀರು, ಒಂದೇ ಅಳತೆಯ ಸೋಡ, ಒಂದೇ ಹೊತ್ತು ಎಂದು ಗೊತ್ತುಮಾಡಿದೆವು. ಗಾಜನ್ನು ಸೇರಿಸಿದ್ದೇ ಮುಖ್ಯ. ಗಾಜಿನ ಪಾತ್ರೆಯಲ್ಲೂ ರುಚಿ ಕೆಟ್ಟರೆ ಅಪರಾಧ ಲೋಹದ್ದಾಗಿರಲಾರದು.

ಪರೀಕ್ಷಕವಾಗಿ ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದ ಸಾಕಾಯಿತು. ಅರಿಶಿನ ಕ್ಷಾರದಲ್ಲಿ ಕೆಂಪಾಗುವುದು ಎಲ್ಲರೂ ಬಲ್ಲ ಸಂಗತಿ. ಆರತಿಯ ಓಕುಳಿ ನೀರಿಗೆ ಸುಣ್ಣ ಬೆರೆಸುವುದು ಇದಕ್ಕೇ. ಕುದಿಸುವ ಮೊದಲು ಸೋಡದ ನೀರು ಕಾಗದವನ್ನು ಹೆಚ್ಚಾಗಿ ಬದಲಾಯಿಸಲಿಲ್ಲ. ಹತ್ತು ನಿಮಿಷ ಕುದಿಸಿದ ಮೇಲೆ ಮೂರು ಪಾತ್ರೆಗಳ ನೀರೂ, ಗಾಜಿನದೂ ಸೇರಿ, ಕಾಗದವನ್ನು ಗಾಢ ಕೆಂಪುಮಾಡಿದವು.

ಕಾರಣ ಸರಳ. ಅಡಿಗೆ ಸೋಡ ಕುದಿದಾಗ ಇಂಗಾಲದ ಡೈ ಆಕ್ಸೈಡು ಗುಳ್ಳೆಗಳಾಗಿ ಹೊರಬಿದ್ದು, ಉಳಿಯುವುದು ತೊಳೆಯುವ ಸೋಡ. ಅದರ ರುಚಿಯೇ ಕಹಿ, ಸಾಬೂನು. (ಪ್ರಯೋಗಶಾಲೆಯ ಯಾವ ದ್ರವವನ್ನೂ ನಾಲಗೆಗೆ ತಾಗಿಸಬಾರದು. ರುಚಿ ನೋಡಬೇಕೆಂಬ ಹಠವಿದ್ದುದರಿಂದ ನಾವು ಮನೆಗೆ ಬಂದು, ಒಲೆಗೆ ಇಡಬಲ್ಲ ಗಾಜಿನ ಬೋಗುಣಿಯಲ್ಲಿ ಕುದಿಸಿ ನೋಡಿದೆವು. ಅದೇ ರುಚಿ.)

ಆದರೆ ನ್ಯಾಯವಾಗಿ ಹೇಳಬೇಕಾದ್ದು ಇನ್ನೂ ಒಂದಿದೆ. ಅಲ್ಯೂಮಿನಿಯಂ ಪಾತ್ರೆಯ ಒಳಮೈ ನೀರು ನಿಂತಷ್ಟೂ ಕಡೆ ಕಪ್ಪಾಯಿತು. ಆ ಲೋಹವನ್ನು ಗಾಳಿಯಲ್ಲಿ ಕಾಪಾಡುವುದು ತನ್ನ ಮೇಲೆ ತಾನೇ ಹೊದೆದುಕೊಳ್ಳುವ ಆಕ್ಸೈಡಿನ ತೆಳು ಪೊರೆ. ಕ್ಷಾರ ಆ ಪೊರೆಯನ್ನು ಕರಗಿಸಿಬಿಡುತ್ತದೆ. ಪೊರೆ ಕಳಚಿದ ಲೋಹ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಸೇರುತ್ತದೆ. ಅಂದರೆ ಪ್ರದರ್ಶನ ಸುಳ್ಳಲ್ಲ. ತೊಳೆಯುವ ಸೋಡದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡುವ ಮನೆಗೆ ಅದು ತಕ್ಕ ಎಚ್ಚರಿಕೆ. ನಮ್ಮ ಮನೆಗಳಲ್ಲಿ ಯೋಚಿಸಬೇಕಾದ್ದು ಹುಳಿಯ ವಿಷಯ. ಹುಣಿಸೆ, ಟೊಮೆಟೊ, ಮಜ್ಜಿಗೆಗಳನ್ನು ಅಲ್ಯೂಮಿನಿಯಮ್ಮಿನಲ್ಲಿ ಬಹಳ ಹೊತ್ತು ಇಟ್ಟರೆ ಲೋಹ ಅಲ್ಪಸ್ವಲ್ಪ ಕರಗುವುದು ನಿಜ. ರಾತ್ರಿಯಿಡೀ ಇಡದಿರುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞಸಮಿತಿ ೨೦೧೧ರಲ್ಲಿ ಸಹಿಸಬಹುದಾದ ಮಿತಿಯನ್ನು ದೇಹದ ತೂಕದ ಪ್ರತಿ ಕಿಲೋವಿಗೆ ವಾರಕ್ಕೆ ಎರಡು ಮಿಲಿಗ್ರಾಂ ಎಂದು ಗೊತ್ತುಮಾಡಿದೆ. ಅರವತ್ತು ಕಿಲೋ ತೂಕದವರಿಗೆ ವಾರಕ್ಕೆ ೧೨೦ ಮಿಲಿಗ್ರಾಂ. ಮುಪ್ಪಿನ ಮರೆವಿನ ರೋಗಕ್ಕೆ ಅಲ್ಯೂಮಿನಿಯಂ ಪಾತ್ರೆಯೇ ಕಾರಣವೆಂಬ ಮಾತು ಬಹಳ ಕೇಳಿಬರುತ್ತದೆ. ಅಂಥ ಕಾರ್ಯಕಾರಣಸಂಬಂಧ ಸ್ಥಾಪಿತವಾಗಿಲ್ಲ.

ಜೀವಸತ್ತ್ವಗಳ ವಿಷಯಕ್ಕೆ ಹೆಚ್ಚು ಮಾತು ಬೇಡ. ‘ಸಿ’ ಜೀವಸತ್ತ್ವ ನೀರಿನಲ್ಲಿ ಕರಗುತ್ತದೆ. ತರಕಾರಿ ಬೇಯಿಸಿದ ನೀರನ್ನು ಮೋರಿಗೆ ಸುರಿಯುವ ದೇಶಗಳಲ್ಲಿ ನೀರಿಲ್ಲದ ಅಡಿಗೆಯಿಂದ ಲಾಭವುಂಟು. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೇ ಒಗ್ಗರಣೆ ಹಾಕಿ ಬಸ್ಸಾರು ಮಾಡಿ ಮುದ್ದೆಯೊಡನೆ ಉಣ್ಣುವವರಿಗೆ, ಹೋಳಿಗೆಯ ಬೇಳೆ ಬಸಿದ ಕಟ್ಟನ್ನು ಸಾರು ಮಾಡುವವರಿಗೆ, ಈ ಉಪದೇಶ ತಡವಾಗಿ ಬಂದಿದೆ.

ಹಾಗಾದರೆ ಅಷ್ಟು ಜನ ಓದುಬಲ್ಲವರು ಆ ರಾತ್ರಿ ಮರುಮಾತಾಡದೆ ಕುಳಿತದ್ದೇಕೆ? ಉಂಡ ಮನೆ, ಪರಿಚಿತ ಮುಖ, ಪಕ್ಕದವರು ತಲೆದೂಗುತ್ತಿರುವುದು ಇವು ಮೂರೂ ಸೇರಿದರೆ ಬೇಡವೆನ್ನುವುದು ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ೧೯೮೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟಪ್ಪರ್‌ವೇರ್ ಕೂಟಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಕೊಳ್ಳುವ ಒತ್ತಾಯ ಮಾರುವವಳಿಂದಲ್ಲ, ಕರೆದ ಗೆಳತಿಯಿಂದ ಬರುತ್ತದೆಂದು ವಿವರಿಸಿದ್ದಾನೆ. ನಮ್ಮ ಸೌಟಿನ ಅನುಭವವೂ ಅದೇ. ಅಮೆರಿಕದ ಸರ್ಕಾರ ೧೯೭೨ರಲ್ಲಿ ರಚಿಸಿ ೧೯೭೪ರಿಂದ ಜಾರಿಗೆ ತಂದ ನಿಯಮದಂತೆ, ಮನೆಯಲ್ಲಿ ನಡೆದ ಇಂಥ ಮಾರಾಟವನ್ನು ಮೂರು ಕೆಲಸದ ದಿನಗಳೊಳಗೆ ರದ್ದುಮಾಡುವ ಹಕ್ಕು ಕೊಂಡವರಿಗುಂಟು. ನಮ್ಮ ದೇಶದ ೨೦೨೧ರ ನೇರ ಮಾರಾಟ ನಿಯಮಗಳ ಪ್ರಕಾರ, ಮಾರುವವನು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮನೆಗೆ ಬರಕೂಡದು. ಬಂದ ಉದ್ದೇಶವನ್ನು ಆರಂಭದಲ್ಲೇ ನಿಜವಾಗಿ ತಿಳಿಸಬೇಕು. ‘ಊಟಕ್ಕೆ ಬನ್ನಿ’ ಎಂಬುದು ಉದ್ದೇಶವನ್ನು ತಿಳಿಸಿದಂತಾಯಿತೇ ಎಂಬುದನ್ನು ವಕೀಲರು ಹೇಳಬೇಕು.

ಗುರುವಾರ ಸಂಜೆ ತರುಣ ಸರಿಯಾದ ಹೊತ್ತಿಗೆ ಬಂದ. ನಾವು ಮೂರು ಅರಿಶಿನದ ಕಾಗದಗಳನ್ನು ಅವನ ಮುಂದಿಟ್ಟು ನಡೆದದ್ದನ್ನು ಹೇಳಿದೆವು. ಕೋಪಿಸಿಕೊಳ್ಳುವನೆಂದು ತಿಳಿದಿದ್ದೆವು, ಅವನ ಮುಖ ಸಣ್ಣಗಾಯಿತು. ಅವನೂ ಬಿ.ಎಸ್‌ಸಿ. ಮಾಡಿದವನೇ, ರಸಾಯನವಿಜ್ಞಾನ ಓದಿದವನೇ. ಎರಡು ವರ್ಷ ಕೆಲಸ ಹುಡುಕಿ ಇದಕ್ಕೆ ಸೇರಿದ್ದಾನೆ. ತಿಂಗಳಿಗೆ ಇಷ್ಟು ಸೆಟ್ಟು ಹೋಗದಿದ್ದರೆ ಕೈಗೆ ಏನೂ ಬರುವುದಿಲ್ಲ.

“ಗೊತ್ತಿತ್ತು ಸಾರ್. ಆದರೆ ಸೋಡ ತೋರಿಸದೇ ಇದ್ದರೆ ಯಾರೂ ತಗೊಳ್ಳೋದಿಲ್ಲ. ಬೇರೆ ಏನು ತೋರಿಸಲಿ, ನೀವೇ ಹೇಳಿ” ಎಂದ.

ಆ ಪ್ರಶ್ನೆಗೆ 'ಅದು ನಿನ್ನ ಪಾಡು' ಎಂದು ಹೇಳಲು ನಮಗೆ ಮನಸ್ಸಾಗಲಿಲ್ಲ. ಎರಡು ಮಂಜುಗಡ್ಡೆಯ ತುಂಡುಗಳನ್ನು ತರಿಸಿ, ಒಂದನ್ನು ನಾವು ಕೊಂಡಿದ್ದ ಹೊಸ ಪಾತ್ರೆಯಲ್ಲಿ, ಇನ್ನೊಂದನ್ನು ಮನೆಯ ತೆಳು ಉಕ್ಕಿನ ಪಾತ್ರೆಯಲ್ಲಿ ಇಟ್ಟೆವು. ಒಲೆ ಹಚ್ಚದೆಯೇ ಹೊಸ ಪಾತ್ರೆಯ ತುಂಡು ಕಣ್ಣೆದುರಿಗೇ ಮೊದಲು ಕರಗಿಹೋಯಿತು. ಆಮೇಲೆ ನಮ್ಮ ಮನೆಯವರು ಗೋಧಿಹಿಟ್ಟಿನ ಡಬ್ಬಿ ತಂದರು. ಎರಡು ಪಾತ್ರೆಗಳ ತಳಕ್ಕೂ ಹಿಟ್ಟನ್ನು ತೆಳ್ಳಗೆ ಉದುರಿಸಿ, ಒಂದೇ ಒಲೆಯ ಮೇಲೆ ಒಂದಾದ ಮೇಲೊಂದನ್ನು ಸಣ್ಣ ಉರಿಯಲ್ಲಿ ಇಟ್ಟೆವು. ತೆಳು ಪಾತ್ರೆಯಲ್ಲಿ ಬರ್ನರಿನ ಆಕಾರದ ಕಂದು ಬಳೆಯೊಂದು ಸ್ಪಷ್ಟವಾಗಿ ಮೂಡಿತು. ನಡುವೆಯೂ ಅಂಚಿನಲ್ಲೂ ಹಿಟ್ಟು ಬೆಳ್ಳಗೇ ಇತ್ತು. ಮೂರು ಪದರದ ಪಾತ್ರೆಯಲ್ಲಿ ತಳವೆಲ್ಲ ಒಂದೇ ಹದಕ್ಕೆ ಹೊಂಬಣ್ಣವಾಯಿತು.

ತರುಣ ಎರಡರ ಚಿತ್ರವನ್ನೂ ತನ್ನ ಮೊಬೈಲಿನಲ್ಲಿ ತೆಗೆದುಕೊಂಡ. ಸೆಟ್ಟನ್ನು ನಾವು ಕೊಳ್ಳಲಿಲ್ಲ; ಅವನೂ ಮತ್ತೆ ಆ ಮಾತೆತ್ತಲಿಲ್ಲ. ಕಾಫಿ ಕುಡಿದು, ಒಂದು ಪೊಟ್ಟಣ ಗೋಧಿಹಿಟ್ಟಿಗೆ ಎಷ್ಟಾಗುತ್ತದೆಂದು ನಮ್ಮ ಮನೆಯವರನ್ನು ಕೇಳಿಕೊಂಡು ಹೋದ.